ಧಕ್ಕೆಯ ಕಿಟಕಿ

ಸಣ್ಣ ನೋಟು ಇಟ್ಟುಕೊಂಡಿರಿ.
ನೂರು ತಾಲಾ ಚಾಚಿದರೆ ಬಸ್ಸಿನ ಉಸುಫೋನೊ
ಚಿಲ್ಲರೆ ಕೊಡುವುದಿಲ್ಲ, ಬಯ್ಯುವುದೂ ಇಲ್ಲ,
ನಗುತ್ತಾನೆ. ಆ ನಗು ದುಬಾರಿ.

ಬಸ್ಸು ಎಷ್ಟು ಹೊತ್ತಿಗೆ, ಅಂತ ಕೇಳುತ್ತೀರಿ
ದಿನಕ್ಕೆ ಇಪ್ಪತ್ತು ಸಲ, ಈ ತೂತಿನಲ್ಲಿ ಬಾಯಿಟ್ಟು.
ಹಡಗು ಬಂದಾಗ ಬಸ್ಸು. ಬಸ್ಸು ತುಂಬಿದಾಗ ಹೊತ್ತು.
ತುಂಬುವುದೆಂದರೆ ಸೀಟು ತುಂಬುವುದಲ್ಲ,
ಸೀಟಿನ ಮೇಲೊಬ್ಬರು, ಅವರ ತೊಡೆಯ ಮೇಲೊಬ್ಬರು.
ಗುರುತಿಲ್ಲದ ಹೆಂಗಸು ಕೆಸುವಿನ ಗೆಡ್ಡೆಯ ಚೀಲದ ಸಮೇತ
ನಿಮ್ಮ ಮಡಿಲಲ್ಲಿ ಕೂತರೆ
ಅದು ಸಲಿಗೆಯಲ್ಲ, ಲೆಕ್ಕ.
ಇಳಿಯುವಲ್ಲಿ ಮರದ ಸೂರಿಗೆ ನಾಣ್ಯದಿಂದ ಕುಟ್ಟಿ.
ಹಾಡು ಜೋರಾಗಿದ್ದರೆ ಇನ್ನೂ ಜೋರಾಗಿ ಕುಟ್ಟಿ.

ನಾಯಿ ಅಟ್ಟಿಸಿಕೊಂಡು ಬಂದರೆ
ಕಲ್ಲು ಹೆಕ್ಕುವವರಂತೆ ಬಗ್ಗಿ.
ಕಲ್ಲು ಬೇಕಿಲ್ಲ, ಬಗ್ಗಿದರೆ ಸಾಕು.
ನಮ್ಮ ನಾಯಿಗಳ ನೆನಪು ಗಟ್ಟಿ.

ಕಡಲಿಗಿಳಿಯಲೂ ದುಡ್ಡೇ, ಅಂತ ಜಗಳಕ್ಕೆ ನಿಲ್ಲಬೇಡಿ.
ಆ ಮರಳು ಒಂದು ಮನೆಯವರದು,
ಬೆಳಿಗ್ಗೆ ಬಿದ್ದ ಎಲೆ ಗುಡಿಸಿದವರದು.

ಮನೆಗೆ ಗೋಡೆಯಿಲ್ಲ, ಹಾಗಂತ ಬಾಗಿಲಿಲ್ಲ ಅಂದುಕೊಳ್ಳಬೇಡಿ.
ಕರೆದ ಮೇಲೆ ಬನ್ನಿ. ಚಾಪೆಯ ಮೇಲೆ ಕಾಲು ಮಡಚಿ ಕೂರಿ,
ಮಂಡಿ ನೋಯುತ್ತದೆ, ಗೊತ್ತು,
ಇನ್ನೊಂದು ಚಾಪೆ ಎಳೆದು ಕಾಲು ಮುಚ್ಚಿಕೊಂಡು ಚಾಚಿ.
ಕೋಕೋ ಕೊಟ್ಟರೆ ತಳದ ಗಷ್ಟು ಅಗಿಯಿರಿ, ಉಗುಳಬೇಡಿ.

ಸಂಜೆ ಶಂಖ ಊದುತ್ತಾರೆ. ಆ ಹೊತ್ತಿನ ಹೆಸರು ಒಂದೇ ಅಕ್ಷರ: ಸಾ.
ಎಲ್ಲಿದ್ದೀರೋ ಅಲ್ಲೇ ನಿಲ್ಲಿ.
ದೇವರನ್ನು ನಂಬಬೇಕಿಲ್ಲ, ನಡೆಯದಿದ್ದರೆ ಸಾಕು.
ಹತ್ತು ನಿಮಿಷ, ಇಪ್ಪತ್ತು. ಸೊಳ್ಳೆಗೆ ಮಾತ್ರ ವಿನಾಯಿತಿ.

ಪ್ರತಿ ಮನೆಯ ಮುಂದೆ ಗೋರಿ ಕಾಣುತ್ತೀರಿ,
ಬಣ್ಣದ ಟೈಲು, ಪ್ಲಾಸ್ಟಿಕ್ ಹೂವು, ಒಣಗಲು ಹರವಿದ ಬಟ್ಟೆ.
ಕೇಳಿ ಫೋಟೋ ತೆಗೆಯಿರಿ.
ಎರಡನೇ ತಿರುವಿನ ನೀಲಿ ಗೋರಿ ನಮ್ಮದು. ಅದಕ್ಕೆ ಕೇಳಬೇಕಿಲ್ಲ.

ಟಿಕೆಟ್ಟಿನ ತಾರೀಖು ಎರಡೆರಡು ಸಲ ನೋಡಿ.
ಅಪಿಯಾದಿಂದ ಪಾಂಗೊಪಾಂಗೊಗೆ ಹಾರಿದರೆ ಕಾಫಿ ಆರುವಷ್ಟು ಹೊತ್ತು,
ಇಳಿಯುವುದು ನಿನ್ನೆಗೆ.
ಮೊದಲು ಹಾಗಿರಲಿಲ್ಲ. ಎರಡು ಸಾವಿರದ ಹನ್ನೊಂದರಲ್ಲಿ
ಸರ್ಕಾರ ಗೆರೆಯ ಆಚೆಗೆ ದಾಟಿತು, ವ್ಯಾಪಾರಕ್ಕೆ ಅನುಕೂಲವೆಂದು.
ಡಿಸೆಂಬರ್ ಇಪ್ಪತ್ತೊಂಬತ್ತು, ಗುರುವಾರ ಮಲಗಿ
ಶನಿವಾರ ಎದ್ದೆವು.

ನಾನು ಮಲಗಲಿಲ್ಲ. ಅವ್ವ ಹೋದದ್ದು ಆ ರಾತ್ರಿ ಹನ್ನೊಂದೂವರೆಗೆ.
ಚರ್ಚಿನ ಗಂಟೆ ಎಲ್ಲ ಒಟ್ಟಿಗೆ ಬಾರಿಸಿದವು,
ಅವಳಿಗಲ್ಲ, ಕ್ಯಾಲೆಂಡರಿಗೆ.
ಮಾರನೆಯ ದಿನ ಇರಲಿಲ್ಲ.
ಅಂಗಡಿಯಲ್ಲಿ ಪಟಾಕಿ ಕೊಳ್ಳುವವರ ನಡುವೆ
ಬಿಳಿ ಬಟ್ಟೆ ಅಳೆಸಿಕೊಂಡು ನಿಂತಿದ್ದೆ, ವರ್ಷದ ಕೊನೆಯ ದಿನ ಆಗಲೇ ಬಂದಿತ್ತು.

ಚಿಕ್ಕಮ್ಮ ಲುಪೆಸಿನಾ ಪಾಂಗೊಪಾಂಗೊದಿಂದ ಫೋನು ಮಾಡಿದಳು.
ಅಲ್ಲಿ ಇನ್ನೂ ಶುಕ್ರವಾರ.
ನನ್ನ ಪಾಲಿನದನ್ನೂ ಸೇರಿಸಿ ಅತ್ತಳು, ಕಾರ್ಡು ಮುಗಿಯುವ ತನಕ.
ನಾನು ಶನಿವಾರದಲ್ಲಿ ನಿಂತು ಕೇಳಿಸಿಕೊಂಡೆ.

ಇಡೀ ದ್ವೀಪ ನೋಡಲು ಒಂದು ದಿನ ಸಾಕೇ, ಅನ್ನುತ್ತೀರಿ.
ಒಂದು ದಿನದ ಬಗ್ಗೆ ನನ್ನನ್ನು ಕೇಳಬೇಡಿ.

ಭಾನುವಾರ ಬಸ್ಸು ನಂಬಬೇಡಿ. ಲಾವಾ ಬಂಡೆಯ ಮೇಲೆ ಚಪ್ಪಲಿ ಬೇಡ, ಬೂಟು ಹಾಕಿ.
ಮೊಳಕಾಲು ಮುಚ್ಚಲು ಒಂದು ಬಟ್ಟೆ ಇಟ್ಟುಕೊಳ್ಳಿ,
ಇಲ್ಲದಿದ್ದರೆ ಯಾರಾದರೂ ತಮ್ಮದೇ ಬಿಚ್ಚಿ ಕೊಟ್ಟಾರು, ಆಮೇಲೆ ನಿಮಗೇ ನಾಚಿಕೆ.
ಕೊನೆಯ ಹಡಗು ತಪ್ಪಿದರೆ ಎರಡನೇ ತಿರುವು, ನೀಲಿ ಗೋರಿ,
ಅದರ ಹಿಂದೆ ಚಾಪೆ ಇದೆ.

ಚಿಲ್ಲರೆ ಇದೆಯೇ?
ಸ್ವಲ್ಪ ಸರಿಯಿರಿ, ಹಿಂದಿನವರು ಬಿಸಿಲಲ್ಲಿದ್ದಾರೆ.